ಹಳೆಯ ಜಿಪ್ಸಿಗೆ ಲಿಫ್ಟ್ ಕಿಟ್: ಇಂಚು ಕೊನೆಗೆ, ಅಳತೆ ಮೊದಲು

ಗಾಡಿಯನ್ನು ಎತ್ತರಿಸುವ ಸಾಮಾನಿನ ಸೆಟ್ಟು, ಅಂದರೆ ಲಿಫ್ಟ್ ಕಿಟ್, ಹಾಕಿಸಿದ ಮೇಲೆ ಬರುವ ದೂರುಗಳು ಹೆಚ್ಚುಕಮ್ಮಿ ಮೂರೇ. ಸ್ಟೀರಿಂಗ್ ನೇರ ನಿಲ್ಲುವುದಿಲ್ಲ, ಗಾಡಿ ರಸ್ತೆ ತುಂಬಾ ಅಲೆಯುತ್ತದೆ. ಐವತ್ತು ದಾಟಿದರೆ ಕೆಳಗಿನಿಂದ ಅದುರು ಶುರು. ಮೊದಲಿಗಿಂತ ಜಾಸ್ತಿ ಕುಕ್ಕುತ್ತದೆ. ಮೂರಕ್ಕೂ ಮೂಲ ಒಂದೇ: ಎಷ್ಟು ಇಂಚು ಅಂತ ಮೊದಲು ತೀರ್ಮಾನಿಸಿ, ಕಿಟ್ ತಂದು, ಉಳಿದದ್ದನ್ನು ಆಮೇಲೆ ಯೋಚಿಸಿರುತ್ತಾರೆ. ಈ ಕ್ರಮ ತಿರುಗಿಸಿದರೆ ಅರ್ಧ ತೊಂದರೆ ಬರುವುದೇ ಇಲ್ಲ.

ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಮಾರುತಿ ಜಿಪ್ಸಿಗೆ, ಅಂದರೆ ಎಂಜಿ410 ಮತ್ತು ಎಂಜಿ413ಡಬ್ಲ್ಯು ಎರಡಕ್ಕೂ. ನಾಲ್ಕೂ ಮೂಲೆಯಲ್ಲಿ ಪ್ಲೇಟು (ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು, ಲೀಫ್ ಸ್ಪ್ರಿಂಗ್), ಹಿಂದೆ ಮುಂದೆ ಇಡೀ ಹೌಸಿಂಗ್ (ಎಡಬಲ ಚಕ್ರಗಳನ್ನು ಜೋಡಿಸುವ ಆಕ್ಸಲ್ಲಿನ ಗಟ್ಟಿ ಕೊಳವೆ). ಎಂಎಂ540, ಎಂಎಂ550ಯಂಥ ಹಳೆಯ ಮಹೀಂದ್ರಾ ಜೀಪುಗಳಿಗೂ ಇದೇ ಲೆಕ್ಕ ನಡೆಯುತ್ತದೆ. 2010ರಲ್ಲಿ ಬಂದ ಥಾರ್ ಸಿಆರ್‌ಡಿಇ ಇರುವವರು ಒಂದು ವಿಷಯ ಗಮನಿಸಿ: ಅದರ ಮುಂದುಗಡೆ ಪ್ಲೇಟಿಲ್ಲ, ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಇದೆ. ಮುಂದಿನ ಭಾಗದ ಬಗ್ಗೆ ಕೆಳಗೆ ಹೇಳಿದ್ದು ಅದಕ್ಕೆ ಹೊಂದುವುದಿಲ್ಲ.

## ಕೈಯಲ್ಲಿ ಇರಬೇಕಾದದ್ದು

ಟೇಪು, ಸೀಮೆಸುಣ್ಣ, ತಂತಿ ಬ್ರಷ್, ಒಳ್ಳೆಯ ಟಾರ್ಚು, ಜ್ಯಾಕು, ನಾಲ್ಕು ಆಕ್ಸಲ್ ಸ್ಟ್ಯಾಂಡು. ಕೋನ ಅಳೆಯಲು ಆಂಗಲ್ ಗೇಜ್ ಇದ್ದರೆ ಸರಿ, ಇಲ್ಲದಿದ್ದರೆ ಫೋನಿನ ಲೆವೆಲ್ ಆ್ಯಪ್ ಸಾಕು. ಒಂದು ನೋಟ್‌ಬುಕ್ಕು ಇಟ್ಟುಕೊಳ್ಳಿ. ಅಳತೆಗಳನ್ನು ನೆನಪಿನಲ್ಲಿ ಇಟ್ಟುಕೊಂಡರೆ ಅಂಗಡಿಯವರ ಮುಂದೆ ನಿಂತಾಗ ಒಂದೂ ಬರುವುದಿಲ್ಲ.

ಸ್ಟ್ಯಾಂಡಿಗೆ ಬದಲು ಕಲ್ಲು, ಇಟ್ಟಿಗೆ, ಮರದ ತುಂಡು ಪೇರಿಸಿ ಗಾಡಿಯ ಕೆಳಗೆ ನುಗ್ಗಬೇಡಿ. ಜ್ಯಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗಂತೂ ಕೈ ಕೂಡ ಹಾಕಬೇಡಿ.

## ಹಂತ 1: ಕಾನೂನು ಏನು ಹೇಳುತ್ತದೆ, ತಿಳಿದುಕೊಳ್ಳಿ

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಸೆಕ್ಷನ್ನಿನಡಿ, ಅನುಮತಿಯಿಲ್ಲದೆ ಬದಲಾಯಿಸಿದ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಹಳೆಯ ಜಿಪ್ಸಿಗೆ ಇದು ದೂರದ ಮಾತಲ್ಲ. 15 ವರ್ಷ ತುಂಬಿದ ಖಾಸಗಿ ಗಾಡಿ ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಪರೀಕ್ಷೆಗೆ, ನಿಲ್ಲಲೇಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. ಕುಸಿದ ಪ್ಲೇಟು ತೆಗೆದು ಕಂಪನಿಯ ಮೂಲ ಎತ್ತರಕ್ಕೆ ತರುವುದು ರಿಪೇರಿ. ಅದರಿಂದಾಚೆಗೆ ಹೋಗುವುದಾದರೆ ಆರ್‌ಟಿಒ ಮತ್ತು ಇನ್ಶೂರೆನ್ಸ್ ಎರಡೂ ಕಡೆ ಮೊದಲೇ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಅಪಘಾತವಾದಾಗ ಕ್ಲೇಮಿನಲ್ಲಿ ಮೊದಲು ಎತ್ತುವ ಪ್ರಶ್ನೆ ಇದೇ ಆಗಬಹುದು. ಎಸ್ಟೇಟಿನ ಗೇಟು ದಾಟದ ಗಾಡಿಯ ಮಾತು ಬೇರೆ.

## ಹಂತ 2: ಈಗ ಎಷ್ಟು ಎತ್ತರ ಇದೆ, ಅಳೆಯಿರಿ

ಲಿಫ್ಟ್ ಬೇಕು ಅನ್ನುವ ಎಷ್ಟೋ ಗಾಡಿಗಳಿಗೆ ನಿಜವಾಗಿ ಬೇಕಿರುವುದು ಕಳೆದುಹೋದ ಎತ್ತರ. ಇಪ್ಪತ್ತು ವರ್ಷ ಗೊಬ್ಬರದ ಚೀಲ, ಕಾಫಿ ಚೀಲ ಹೊತ್ತ ಪ್ಲೇಟು ಚಪ್ಪಟೆಯಾಗಿರುತ್ತದೆ. ಅದರ ಮೇಲೆ ಉದ್ದದ ಶಾಕಲ್ (ಪ್ಲೇಟಿನ ಒಂದು ತುದಿಯನ್ನು ಛಾಸಿಗೆ ಜೋಡಿಸುವ ಕೊಂಡಿ) ಹಾಕಿ 'ಲಿಫ್ಟ್' ಅಂದರೆ ಸತ್ತ ಪ್ಲೇಟು ಸತ್ತಂತೆಯೇ ಇರುತ್ತದೆ.

ಸಮತಟ್ಟಾದ ಸಿಮೆಂಟ್ ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಮೂಲೆಯನ್ನು ಒತ್ತಿ ಬಿಟ್ಟು ಗಾಡಿ ತಾನಾಗಿ ಕೂರಲು ಬಿಡಿ. ಚಕ್ರದ ನಡುಮಧ್ಯದಿಂದ ನೇರ ಮೇಲೆ ಫೆಂಡರಿನ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿ, ಸವೆತ ಎಲ್ಲ ಲೆಕ್ಕಕ್ಕೆ ಸೇರಿಬಿಡುತ್ತದೆ. ನಾಲ್ಕು ಅಂಕಿ ಬರೆದುಕೊಳ್ಳಿ. ಎಡಕ್ಕೂ ಬಲಕ್ಕೂ 15 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಒಂದು ಕಡೆ ಪ್ಲೇಟು ಕುಸಿದಿದೆ ಅಥವಾ ಮುರಿದಿದೆ. ಚಾಲಕನ ಕಡೆ ಕುಸಿದಿರುವುದೇ ಹೆಚ್ಚು.

ಆಮೇಲೆ ಟಾರ್ಚು ಹಿಡಿದು ಕೆಳಗೆ ನೋಡಿ. ಪ್ಲೇಟು ಛಾಸಿಗೆ ಸೇರುವ ಬ್ರಾಕೆಟ್‌ಗಳು, ಶಾಕಲ್ ಹ್ಯಾಂಗರುಗಳು, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ಈ ಮೂರೂ ಕಡೆ ತಂತಿ ಬ್ರಷ್ಷಿನಿಂದ ಉಜ್ಜಿ, ನೀರು ಹಾಕಿ ತೊಳೆದು ಒಣಗಲು ಬಿಡಿ. ಸುತ್ತಲಿನ ಬಣ್ಣವೆಲ್ಲ ಒಣಗಿದ ಮೇಲೂ ಕೂದಲೆಳೆಯಷ್ಟು ಸಣ್ಣದೊಂದು ಗೆರೆ ಒದ್ದೆಯಾಗಿ, ಕಂದುಬಣ್ಣ ಜಿನುಗುತ್ತಾ ಉಳಿದರೆ ಅದು ಬಿರುಕು. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಛಾಸಿಯ ಒಳಮೈಯನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಕಣಕಣ ಅನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಬಿರುಕು, ತೂತು ಸಿಕ್ಕರೆ ಕಿಟ್ಟಿನ ದುಡ್ಡು ಮೊದಲು ಅಲ್ಲಿಗೆ ಹೋಗಬೇಕು. ಇದರಲ್ಲಿ ರಾಜಿಗೆ ಜಾಗವೇ ಇಲ್ಲ.

ಮುಂದಿನ ಚಕ್ರಗಳನ್ನು ಎತ್ತಿ, ಟೈರನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ ಇದ್ದರೆ ವೀಲ್ ಬೇರಿಂಗ್ ಅಥವಾ ಕಿಂಗ್ ಪಿನ್ (ಚಕ್ರ ಎಡಬಲಕ್ಕೆ ತಿರುಗುವ ಕೀಲು) ಬೇರಿಂಗ್ ಸವೆದಿದೆ. ಎಡಬಲ ಹಿಡಿದಾಗ ಆಟ ಸಿಕ್ಕರೆ ಟೈ ರಾಡ್ ಎಂಡ್ (ಎರಡು ಮುಂಚಕ್ರಗಳನ್ನು ಜೋಡಿಸುವ ಸರಳಿನ ತುದಿಯ ಕೀಲು). ಇವು ಸವೆದಿರುವಾಗ ಲಿಫ್ಟ್ ಮಾಡಿದರೆ ಈಗ ಸುಮ್ಮನಿರುವ ಆಟವೆಲ್ಲ ಸ್ಟೀರಿಂಗಿನ ನಡುಕವಾಗಿ ಹೊರಬರುತ್ತದೆ.

## ಹಂತ 3: ತೂಕ ಹಾಕಿಸಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಹತ್ತಿರದ ವೇಬ್ರಿಡ್ಜಿಗೆ ಹೋಗಿ ಮೂರು ಚೀಟಿ ತನ್ನಿ: ಮುಂದಿನ ಚಕ್ರ ಮಾತ್ರ ಮೇಲೆ, ಇಡೀ ಗಾಡಿ, ಹಿಂದಿನ ಚಕ್ರ ಮಾತ್ರ. ನೀವು ದಿನಾ ಓಡಿಸುವ ಹಾಗೆಯೇ ತುಂಬಿಕೊಂಡು ಹೋಗಿ. ಮುಂದೆ ಕಬ್ಬಿಣದ ಬಂಪರ್, ವಿಂಚ್ ಹಾಕಿಸುವ ಯೋಚನೆ ಇದ್ದರೆ ಅದರ ತೂಕವನ್ನೂ ಕೂಡಿಸಿ.

ಪ್ಲೇಟಿನ ಗಡಸುತನ ಆರಿಸುವುದು ಈ ಅಂಕಿಯಿಂದ. ಭಾನುವಾರ ಇಬ್ಬರು ಹೋಗುವ ಗಾಡಿಗೂ, ವಾರದ ಆರು ದಿನ ಹಿಂದೆ ಚೀಲ ಹೊರುವ ಗಾಡಿಗೂ ಒಂದೇ ಪ್ಲೇಟು ಹೊಂದುವುದಿಲ್ಲ. ಕುಕ್ಕುವ ಗಾಡಿಗಳಲ್ಲಿ ಮುಕ್ಕಾಲು ಪಾಲಿಗೆ ಬೇರೆ ದೋಷವಿಲ್ಲ, ಹೊರುವ ಭಾರಕ್ಕಿಂತ ಗಟ್ಟಿ ಪ್ಲೇಟು ಬಿದ್ದಿರುತ್ತದೆ, ಅಷ್ಟೆ.

## ಹಂತ 4: ಟೈರು ತೀರ್ಮಾನಿಸಿ

ಲಿಫ್ಟ್ ಕಿಟ್ ಹೌಸಿಂಗನ್ನು ಎತ್ತುವುದಿಲ್ಲ. ಅದು ಬಾಡಿ, ಛಾಸಿಗಳನ್ನು ಮಾತ್ರ ಎತ್ತುತ್ತದೆ. ನಡುದಾರಿಯ ಕಲ್ಲಿಗೆ ತಾಗುವ ಡಿಫರೆನ್ಷಿಯಲ್ ಗುಂಡು (ಹೌಸಿಂಗಿನಲ್ಲಿ ಗೇರುಗಳಿರುವ ಉಬ್ಬು) ಮೇಲೇಳಬೇಕಾದರೆ ಟೈರೇ ದೊಡ್ಡದಾಗಬೇಕು, ಬೇರೆ ದಾರಿಯಿಲ್ಲ. ಕಿಟ್ಟು ಆ ಟೈರಿಗೆ ಜಾಗ ಮಾಡಿಕೊಡುತ್ತದೆ.

ಲೆಕ್ಕ ಹೀಗೆ. 205/70 ಆರ್15 ಟೈರಿನ ಎತ್ತರ ಸುಮಾರು 668 ಮಿ.ಮೀ. 215/75 ಆರ್15 ಅಂದರೆ 703, 235/75 ಆರ್15 ಅಂದರೆ 733. ಮೊದಲನೆಯದರಿಂದ ಕೊನೆಯದಕ್ಕೆ ಹೋದರೆ 65 ಮಿ.ಮೀ. ವ್ಯತ್ಯಾಸ, ಆದರೆ ಅದರ ಅರ್ಧ ಮಾತ್ರ ಹೌಸಿಂಗಿನ ಕೆಳಗೆ ಸಿಗುತ್ತದೆ: ಸುಮಾರು 33 ಮಿ.ಮೀ.

ಇದಕ್ಕೆ ಬೆಲೆಯೂ ಇದೆ. 235ರ ಟೈರಿನಲ್ಲಿ ಮೀಟರು 60 ತೋರಿಸುವಾಗ ಗಾಡಿ ನಿಜವಾಗಿ 66ರ ಆಸುಪಾಸಿನಲ್ಲಿರುತ್ತದೆ. ಗೇರು ಹತ್ತು ಶೇಕಡಾದಷ್ಟು ಉದ್ದವಾದ ಹಾಗೆ. 1.3 ಲೀಟರ್ ಇಂಜಿನ್ನು ಚಾರ್ಮಾಡಿ ಏರಿನಲ್ಲಿ ಮೂರನೇ ಗೇರಿನಿಂದ ಎರಡಕ್ಕೆ ಇಳಿಯಲೇಬೇಕಾಗುತ್ತದೆ. ಎಂಜಿ410ರ ಒಂದು ಲೀಟರ್ ಇಂಜಿನ್ನಿಗೆ ಇನ್ನೂ ಕಷ್ಟ. ಬ್ರೇಕಿಗೂ ಕೆಲಸ ಹೆಚ್ಚು. ನನ್ನ ಪ್ರಕಾರ ಎಸ್ಟೇಟು, ಕಾಡುದಾರಿ, ಹೈವೇ ಎಲ್ಲ ಸೇರಿದ ಬಳಕೆಗೆ 215/75 ಅತ್ಯಂತ ಸಮತೋಲದ ಆಯ್ಕೆ. 235 ಬೇಕೇ ಬೇಕು ಅನ್ನುವವರು ಫೆಂಡರಿನ ಅಂಚು ಅಲ್ಲಲ್ಲಿ ಕತ್ತರಿಸಲು ತಯಾರಿರಬೇಕು.

## ಹಂತ 5: ಎತ್ತರ ಮತ್ತು ವಿಧಾನ

ಈಗ ಇಂಚಿನ ಮಾತು. ಗ್ಯಾರೇಜಿನಲ್ಲಿ ಮುಂದಿಡುವ ದಾರಿಗಳು ಇವು.

ಉದ್ದದ ಶಾಕಲ್. ಅಗ್ಗ, ಒಂದೇ ಮಧ್ಯಾಹ್ನದ ಕೆಲಸ. ಶಾಕಲ್ ಎಷ್ಟು ಉದ್ದವಾಯಿತೋ ಅದರ ಅರ್ಧ ಮಾತ್ರ ಗಾಡಿ ಏಳುತ್ತದೆ. ಎರಡು ಇಂಚು ಹೆಚ್ಚಿಸಿದರೆ ಒಂದೇ ಇಂಚು. ತೊಂದರೆ ಇರುವುದು ಮುಂದುಗಡೆ. ಜಿಪ್ಸಿಯ ಮುಂದಿನ ಪ್ಲೇಟಿಗೆ ಶಾಕಲ್ ಇರುವುದು ಬಂಪರ್ ಕಡೆ. ಅಲ್ಲಿ ಉದ್ದ ಮಾಡಿದರೆ ಪ್ಲೇಟಿನ ಮುಂತುದಿ ಕೆಳಗಿಳಿದು, ಹೌಸಿಂಗ್ ಮುಂದಕ್ಕೆ ಬಾಗಿ, ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ಕ್ಯಾಸ್ಟರಿನಿಂದಲೇ. ಅದು ಹೋದರೆ ಗಾಡಿ ಅಲೆಯುತ್ತದೆ. ಮುಂದುಗಡೆ ಉದ್ದದ ಶಾಕಲ್ ಮಾತ್ರ ಹಾಕಿ ಲಿಫ್ಟ್ ಮಾಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಒಂದು ಪ್ಲೇಟು ಸೇರಿಸುವುದು. ಹಿಂದುಗಡೆ ಕಾಯಂ ಭಾರ ಹೊರುವ ಗಾಡಿಗೆ ಸರಿ. ಖಾಲಿ ಓಡುವ ಗಾಡಿಗೆ ಹಾಕಿದರೆ ಕುಕ್ಕುವುದು ಖಾತ್ರಿ. ಉಳಿದ ಪ್ಲೇಟುಗಳು ಹಳತಾಗಿದ್ದರೆ ಹೊಸದೊಂದೇ ಎಲ್ಲ ಭಾರ ಹೊತ್ತು ಬೇಗ ಮುರಿಯುತ್ತದೆ.

ಹಳೆಯ ಪ್ಲೇಟಿಗೆ ಕಮಾನು ಹಿಡಿಸುವುದು. ಲಾರಿ ಸ್ಟ್ಯಾಂಡಿನ ಪಕ್ಕದ ಪ್ಲೇಟು ಅಂಗಡಿಗಳಲ್ಲಿ ಬಡಿದು ಬಾಗಿಸಿ ಕೊಡುತ್ತಾರೆ. ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದಕ್ಕೆ ತಂದರೆ ಬಾಳುತ್ತದೆ. ತಣ್ಣಗೆ ಬಡಿದಷ್ಟೇ ಆದರೆ ಕೆಲವೇ ತಿಂಗಳಲ್ಲಿ ಮತ್ತೆ ಚಪ್ಪಟೆ. ಹದ ಹಾಕುತ್ತೀರಾ ಅಂತ ನೇರವಾಗಿ ಕೇಳಿ.

ಬ್ಲಾಕು. ಹೌಸಿಂಗಿಗೂ ಪ್ಲೇಟಿಗೂ ನಡುವೆ ಇಡುವ ಕಬ್ಬಿಣದ ತುಂಡು. ಹೌಸಿಂಗ್ ಪ್ಲೇಟಿನ ಮೇಲೆ ಕೂರುವ ಜಿಪ್ಸಿಯಲ್ಲಿ ಬ್ಲಾಕು ಇಟ್ಟರೆ ಗಾಡಿ ಏಳುವ ಬದಲು ತಗ್ಗುತ್ತದೆ. ಪ್ಲೇಟು ಹೌಸಿಂಗಿನ ಮೇಲಿರುವ ಗಾಡಿಯಲ್ಲೂ ಹಿಂದೆ ಮಾತ್ರ, ಒಂದೇ ಬ್ಲಾಕು. ಮುಂದುಗಡೆ ಎಂದಿಗೂ ಬೇಡ.

ಹೊಸ ಪ್ಲೇಟಿನ ಸೆಟ್ಟು, 40ರಿಂದ 50 ಮಿ.ಮೀ. ಹಳೆಯ ಗಾಡಿಗೆ ಬಹುಪಾಲು ಸರಿಯಾದ ಉತ್ತರ ಇದೇ. ಗಾಡಿಯ ಮೂಲ ವಿನ್ಯಾಸವನ್ನು ಅತಿ ಕಡಿಮೆ ಕೆಡಿಸುತ್ತದೆ. ಕುಸಿದ ಎತ್ತರವೂ ಸೇರಿ ವಾಪಸು ಬರುವುದರಿಂದ ಕಣ್ಣಿಗೆ ಮೂರು ಇಂಚು ಎದ್ದ ಹಾಗೆ ಕಾಣುತ್ತದೆ.

ಪ್ಲೇಟನ್ನು ಹೌಸಿಂಗಿನ ಮೇಲಕ್ಕೆ ತರುವುದು. ಸುಮಾರು ಐದು ಇಂಚು ಏಳುತ್ತದೆ. ಇದು ಕಿಟ್ ಆರಿಸುವ ಕೆಲಸವಲ್ಲ, ಗಾಡಿಯನ್ನೇ ಮತ್ತೆ ಕಟ್ಟುವ ಕೆಲಸ. ಹೌಸಿಂಗಿಗೆ ಹೊಸ ಪ್ಯಾಡು ವೆಲ್ಡಿಂಗ್, ಬೇರೆ ಡ್ರ್ಯಾಗ್ ಲಿಂಕ್ (ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಸರಳು), ಬೇರೆ ಪ್ರೊಪೆಲ್ಲರ್ ಶಾಫ್ಟ್ (ಇಂಜಿನ್ನಿನ ಶಕ್ತಿಯನ್ನು ಹೌಸಿಂಗಿಗೆ ಒಯ್ಯುವ ತಿರುಗುವ ದಂಡ), ಉದ್ದದ ಬ್ರೇಕ್ ಹೋಸು ಎಲ್ಲ ಬೇಕು. ಆಕ್ಸಿಲರೇಟರ್ ಒತ್ತಿದಾಗ ಪ್ಲೇಟು ತಿರುಚಿಕೊಳ್ಳುವ ತೊಂದರೆ ಹೊಸದಾಗಿ ಸೇರುತ್ತದೆ. ಹಳೆಯ ಕಿರಿದಾದ ಟ್ರ್ಯಾಕಿನ (ಎಡಬಲ ಚಕ್ರಗಳ ನಡುವಿನ ಅಗಲ) ಎಂಜಿ410ಕ್ಕೆ ಇದು ಮಗುಚುವ ಅಪಾಯವನ್ನು ಬಹಳ ಹೆಚ್ಚಿಸುತ್ತದೆ. ರಸ್ತೆಯಲ್ಲಿ ಕುಟುಂಬ ಕೂರಿಸಿಕೊಂಡು ಹೋಗುವ ಗಾಡಿಗೆ ಇದು ಬೇಡವೇ ಬೇಡ.

ಬಾಡಿ ಲಿಫ್ಟ್ ಅಂತ ಛಾಸಿಗೂ ಬಾಡಿಗೂ ನಡುವೆ ಗುಂಡು ಇಡುವುದೂ ಇದೆ. ಅದು ಟೈರಿಗೆ ಜಾಗ ಕೊಡುತ್ತದೆ, ಸಸ್ಪೆನ್ಷನ್ನಿಗೆ ಏನೂ ಮಾಡುವುದಿಲ್ಲ.

## ಹಂತ 6: ಪ್ಲೇಟು ನಿಮ್ಮ ಗಾಡಿಯದೇ ಎಂದು ಖಚಿತಪಡಿಸಿಕೊಳ್ಳಿ

ಹೊರದೇಶದಿಂದ ತರಿಸುವವರು ಇಲ್ಲಿ ಎಡವುತ್ತಾರೆ. ಅಮೆರಿಕದಲ್ಲಿ ಸಮುರಾಯ್, ಆಸ್ಟ್ರೇಲಿಯಾದಲ್ಲಿ ಸಿಯೆರಾ ಅಂತ ಮಾರಾಟವಾದದ್ದು ಇದೇ ಕುಲದ ಗಾಡಿ. ಆದರೆ ಸಮುರಾಯ್‌ನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2,030 ಮಿ.ಮೀ., ನಮ್ಮ ಜಿಪ್ಸಿಯದು 2,375. ನಮ್ಮ ಗಾಡಿಯ ಹಿಂಭಾಗದ ಭಾರವೇ ಬೇರೆ. ಗಿಡ್ಡ ಗಾಡಿಗೆ ಅಂತ ಮಾಡಿದ ಹಿಂದಿನ ಪ್ಲೇಟು ಇಲ್ಲಿ ತುಂಬಿದಾಗ ಕೂತುಬಿಡಬಹುದು.

ಕೊಳ್ಳುವ ಮುನ್ನ ನಾಲ್ಕು ಅಳತೆ ಹೋಲಿಸಿ: ಒಂದು ಕಣ್ಣಿನಿಂದ (ಪ್ಲೇಟಿನ ತುದಿಯ ಬಳೆ) ಇನ್ನೊಂದು ಕಣ್ಣಿನವರೆಗಿನ ಉದ್ದ, ಪ್ಲೇಟಿನ ಅಗಲ, ಬುಶ್ಶಿನ ಒಳವ್ಯಾಸ, ಸೆಂಟರ್ ಬೋಲ್ಟು (ಪ್ಲೇಟುಗಳನ್ನು ನಡುವೆ ಕೋದು ಹಿಡಿಯುವ ಬೋಲ್ಟು) ಮುಂದಿನ ಕಣ್ಣಿನಿಂದ ಎಷ್ಟು ದೂರ. ಕೊನೆಯದು ತಪ್ಪಿದರೆ ಹೌಸಿಂಗ್ ಹಿಂದೆಮುಂದೆ ಸರಿದು, ಟೈರು ಫೆಂಡರಿನ ನಡುವೆ ಕೂರುವುದಿಲ್ಲ.

ಶಾಕಲ್ ಕೋನವನ್ನೂ ಯೋಚಿಸಿ. ಕಮಾನು ಹೆಚ್ಚಾದಷ್ಟೂ ಕಣ್ಣುಗಳ ನಡುವಿನ ದೂರ ಕಡಿಮೆಯಾಗಿ ಶಾಕಲ್ ಒಳಕ್ಕೆ ಎಳೆದುಕೊಳ್ಳುತ್ತದೆ. ಗಾಡಿ ನೆಲದ ಮೇಲೆ ನಿಂತಾಗ ಶಾಕಲ್‌ನ ಕೆಳತುದಿ ಸ್ವಲ್ಪ ಹೊರಕ್ಕೆ ವಾಲಿರಬೇಕು. ನೇರ ನಿಂತರೆ ಅಥವಾ ಒಳಕ್ಕೆ ವಾಲಿದರೆ ಪ್ಲೇಟು ಚಾಚಿಕೊಳ್ಳಲು ತಡವರಿಸುತ್ತದೆ, ಸಣ್ಣ ಗುಂಡಿಯೂ ಬೆನ್ನಿಗೆ ಬಡಿಯುತ್ತದೆ.

## ಹಂತ 7: ಶಾಕ್ ಅಬ್ಸಾರ್ಬರ್

ಹೊಸ ಪ್ಲೇಟಿಗೆ ಹಳೆಯ ಶಾಕ್ ಬಿಟ್ಟರೆ ಚಕ್ರ ಕೆಳಗೆ ಇಳಿದಾಗ ಶಾಕ್ ತನ್ನ ಕೊನೆ ಮುಟ್ಟಿ, ಚಕ್ರದ ಭಾರವೆಲ್ಲ ಶಾಕಿಗೇ ಜೋತುಬೀಳುತ್ತದೆ. ಟಕ್ ಅನ್ನುವ ಸದ್ದು ಅದೇ. ಸ್ವಲ್ಪ ದಿನಕ್ಕೆ ಶಾಕಿನ ಕಣ್ಣು ಕಿತ್ತುಬರುತ್ತದೆ.

ಎರಡು ಅಳತೆ ಬೇಕು. ಛಾಸಿಯನ್ನು ಸ್ಟ್ಯಾಂಡಿಗೆ ಕೂರಿಸಿ ಚಕ್ರ ಪೂರ್ತಿ ಜೋತುಬಿದ್ದಾಗ ಮೇಲಿನ ಶಾಕ್ ಮೌಂಟಿನಿಂದ ಕೆಳಗಿನದಕ್ಕೆ ಎಷ್ಟು. ಹೌಸಿಂಗ್ ಬಂಪ್ ಸ್ಟಾಪಿಗೆ (ಹೌಸಿಂಗ್ ಇನ್ನೂ ಮೇಲೇರದಂತೆ ತಡೆಯುವ ರಬ್ಬರ್ ತುಂಡು) ತಾಗಿದಾಗ ಎಷ್ಟು. ಶಾಕ್ ಪೂರ್ತಿ ಬಿಚ್ಚಿದಾಗಿನ ಉದ್ದ ಮೊದಲನೆಯದಕ್ಕಿಂತ ಹೆಚ್ಚಿರಬೇಕು, ಪೂರ್ತಿ ಮುಚ್ಚಿದಾಗಿನ ಉದ್ದ ಎರಡನೆಯದಕ್ಕಿಂತ 10-15 ಮಿ.ಮೀ. ಕಡಿಮೆ ಇರಬೇಕು. ಉದ್ದದ ಶಾಕ್ ಸಿಕ್ಕಿತು ಅಂತ ಹಾಕಿ, ಬಂಪ್ ಸ್ಟಾಪಿಗಿಂತ ಮೊದಲೇ ಅದು ತಳ ಮುಟ್ಟಿದರೆ ಇಡೀ ಗಾಡಿಯ ಏಟು ಶಾಕಿನ ಮೇಲೆ. ಹೀಗಾಗುವಂತಿದ್ದರೆ ಬಂಪ್ ಸ್ಟಾಪನ್ನು ಕೆಳಕ್ಕೆ ತನ್ನಿ.

## ಹಂತ 8: ಕಿಟ್ ಪೆಟ್ಟಿಗೆಯಲ್ಲಿ ಇರದ ಸಾಮಾನು

ಯು-ಬೋಲ್ಟು. ಪ್ಲೇಟನ್ನು ಹೌಸಿಂಗಿಗೆ ಬಿಗಿದು ಹಿಡಿಯುವುದು ಇದೇ. ಹಳೆಯದನ್ನು ಮತ್ತೆ ಹಾಕಬೇಡಿ. ಒಮ್ಮೆ ಬಿಗಿದ ಬೋಲ್ಟು ಎಳೆದುಕೊಂಡಿರುತ್ತದೆ, ಎರಡನೇ ಸಲ ಹಿಡಿತ ನಿಲ್ಲುವುದಿಲ್ಲ.

ಬ್ರೇಕ್ ಹೋಸು. ಚಕ್ರ ಜೋತುಬಿದ್ದಾಗ ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಹೋಸನ್ನು ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ಬಾಗಬೇಕು. ತಂತಿಯಂತೆ ಬಿಗಿದಿದ್ದರೆ ಉದ್ದದ್ದು ಬೇಕು. ಹಿಂದುಗಡೆ ಹೌಸಿಂಗಿಗೆ ಸ್ಪ್ರಿಂಗಿನಿಂದ ಕಟ್ಟಿದ ಬ್ರೇಕ್ ವಾಲ್ವು ನಿಮ್ಮ ಗಾಡಿಯಲ್ಲಿದ್ದರೆ ಅದನ್ನೂ ಹೊಂದಿಸಬೇಕು. ಗಾಡಿ ಎದ್ದಾಗ ಹಿಂದೆ ಭಾರವಿಲ್ಲ ಅಂತ ತಿಳಿದು ಅದು ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ.

ಪ್ರೊಪೆಲ್ಲರ್ ಶಾಫ್ಟ್. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸಿನಿಂದ ಬೇರೆಯೇ ಕೂತಿದೆ, ನಡುವೆ ಸಣ್ಣ ಶಾಫ್ಟಿದೆ. ಲಿಫ್ಟ್ ಆದಾಗ ಹಿಂದಿನ, ಮುಂದಿನ ಶಾಫ್ಟುಗಳು ಉದ್ದವಾಗಬೇಕಾಗುತ್ತದೆ. ಜಾರುವ ಜಾಗದಲ್ಲಿ ಹಲ್ಲುಗಳು ಹೊಳೆಯುತ್ತಾ ಹೊರಗೆ ಕಾಣುತ್ತಿದ್ದರೆ ಒಳಗೆ ಹಿಡಿತ ಕಡಿಮೆಯಾಗಿದೆ, ಸ್ಪೇಸರ್ ಬೇಕು. ಕೋನವನ್ನೂ ಅಳೆಯಿರಿ: ಟ್ರಾನ್ಸ್‌ಫರ್ ಕೇಸಿನ ಹೊರತುದಿ ಮತ್ತು ಹೌಸಿಂಗಿನ ಪಿನಿಯನ್ (ಶಾಫ್ಟು ಬಂದು ಸೇರುವ ಗೇರಿನ ತುದಿ) ಒಂದಕ್ಕೊಂದು ಸಮಾನಾಂತರ ಇರಬೇಕು, ಒಂದೆರಡು ಡಿಗ್ರಿ ಆಚೀಚೆ ಪರವಾಗಿಲ್ಲ. ಅದುರಿಗೆ ಕಾರಣ ಬಹುತೇಕ ಇಲ್ಲೇ.

ಕ್ಯಾಸ್ಟರ್ ಬೆಣೆ. ಮುಂದೆ ಕ್ಯಾಸ್ಟರ್ ಕಳೆದುಹೋದರೆ ಹೌಸಿಂಗಿಗೂ ಪ್ಲೇಟಿಗೂ ನಡುವೆ ಉಕ್ಕಿನ ಬೆಣೆ ಇಟ್ಟು ಸರಿಮಾಡಬಹುದು. ಅಲ್ಯೂಮಿನಿಯಂ ಬೇಡ, ಪುಡಿಯಾಗುತ್ತದೆ. ಕ್ಯಾಸ್ಟರ್ ಹೆಚ್ಚಿಸಿದಷ್ಟೂ ಮುಂದಿನ ಪಿನಿಯನ್ ಕೆಳಮುಖವಾಗಿ ಶಾಫ್ಟಿನ ಕೋನ ಕೆಡುತ್ತದೆ, ಹಾಗಾಗಿ ಎರಡನ್ನೂ ಒಟ್ಟಿಗೆ ಅಳೆದೇ ಬೆಣೆ ಆರಿಸಿ.

ಡ್ರ್ಯಾಗ್ ಲಿಂಕ್. ಎರಡು ಇಂಚಿನವರೆಗೆ ಉದ್ದ ಹೊಂದಿಸಿ ಸ್ಟೀರಿಂಗ್ ಚಕ್ರ ನೇರ ಮಾಡಿದರೆ ಸಾಕು. ಅದರಿಂದ ಮೇಲೆ ಹೋದರೆ ಲಿಂಕ್ ತೀರಾ ಓರೆಯಾಗಿ, ಪ್ರತಿ ಗುಂಡಿಗೂ ಸ್ಟೀರಿಂಗ್ ತಾನಾಗಿ ತಿರುಗಲು ಶುರುವಾಗುತ್ತದೆ.

ಇಷ್ಟನ್ನೂ ಸೇರಿಸಿ ಪಟ್ಟಿ ಮಾಡಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ನಿಮ್ಮೂರಿನ ಅಂಗಡಿಯಲ್ಲೋ ಒಟ್ಟು ಬೆಲೆ ಕೇಳಿ. ಕಿಟ್ಟಿನ ಬೆಲೆ ಮಾತ್ರ ನೋಡಿ ಹೊರಟವರು ಅರ್ಧದಲ್ಲಿ ದುಡ್ಡು ಮುಗಿದು, ಹಳೆಯ ಯು-ಬೋಲ್ಟು, ಹಳೆಯ ಹೋಸು ಹಾಕಿ ಓಡಿಸುತ್ತಾರೆ. ಬಜೆಟ್ ಸಾಲದಿದ್ದರೆ ಎತ್ತರ ಕಡಿಮೆ ಮಾಡಿ, ಈ ಸಾಮಾನು ಬಿಡಬೇಡಿ.

## ಹಂತ 9: ಹಾಕಿಸುವ ದಿನ, ಮತ್ತು ಆಮೇಲೆ

ಮೆಕ್ಯಾನಿಕ್‌ಗೆ ಒಂದು ಮಾತು ಖಡಾಖಂಡಿತ ಹೇಳಿ: ಶಾಕಲ್ ಮತ್ತು ಪ್ಲೇಟಿನ ಕಣ್ಣಿನ ಬೋಲ್ಟುಗಳನ್ನು ಕೊನೆಯ ಬಿಗಿ ಮಾಡುವುದು ಗಾಡಿ ತನ್ನ ಚಕ್ರದ ಮೇಲೆ ನಿಂತ ಮೇಲೆ. ಎತ್ತಿಟ್ಟಾಗಲೇ ಬಿಗಿದರೆ ರಬ್ಬರ್ ಬುಶ್ಶು ತಿರುಚಿದ ಸ್ಥಿತಿಯಲ್ಲೇ ಹಿಡಿದುಕೊಂಡು ಬೇಗ ಹರಿಯುತ್ತದೆ.

ಮನೆಗೆ ಬಂದ ಮೇಲೆ ಹಂತ 2ರ ನಾಲ್ಕು ಅಳತೆ ಮತ್ತೆ ತೆಗೆದುಕೊಳ್ಳಿ. ಹೆಡ್‌ಲೈಟು ತಗ್ಗಿಸಿ, ಎದುರಿನವರ ಕಣ್ಣಿಗೆ ಹೊಡೆಯುತ್ತಿರುತ್ತದೆ. ಅಲೈನ್‌ಮೆಂಟ್ ಮಾಡಿಸಿ. 100 ಕಿ.ಮೀ. ಆದಾಗ ಯು-ಬೋಲ್ಟುಗಳನ್ನು ಟಾರ್ಕ್ ಸ್ಪ್ಯಾನರಿನಿಂದ ಮತ್ತೆ ಬಿಗಿಸಿ, 500ಕ್ಕೆ ಇನ್ನೊಮ್ಮೆ. ಹೊಸ ಪ್ಲೇಟು ಮೊದಲ ಕೆಲವು ವಾರದಲ್ಲಿ ಒಂದಿಷ್ಟು ಇಳಿಯುತ್ತದೆ, ಅದು ಸಹಜ.

ಸಹಜವಲ್ಲದ ಲಕ್ಷಣಗಳು ಇವು. 60-70ರ ವೇಗದಲ್ಲಿ ಸ್ಟೀರಿಂಗ್ ಜೋರಾಗಿ ಒದರಿ ಬ್ರೇಕ್ ಹಾಕುವವರೆಗೂ ನಿಲ್ಲದಿದ್ದರೆ, ಗಾಡಿ ಅಲ್ಲೇ ನಿಲ್ಲಿಸಿ. ಕ್ಯಾಸ್ಟರ್, ಕಿಂಗ್ ಪಿನ್, ಟೈ ರಾಡ್ ನೋಡದೆ ಮತ್ತೆ ರಸ್ತೆಗೆ ತರಬೇಡಿ. ಗೇರು ಹಾಕಿ ಕ್ಲಚ್ ಬಿಟ್ಟಾಗ ಕೆಳಗೆ ಟಣ್ ಅಂದರೆ ಸೆಂಟರ್ ಬೋಲ್ಟು ಅಥವಾ ಪ್ರೊಪೆಲ್ಲರ್ ಕ್ರಾಸು (ಶಾಫ್ಟಿನ ತುದಿಯ ಕೀಲು) ಕೆಟ್ಟಿದೆ. ಬ್ರೇಕ್ ಒತ್ತಿದಾಗ ಒಂದು ಕಡೆಗೆ ಎಳೆದರೆ ಹೋಸು ಎಲ್ಲೋ ಸಿಕ್ಕಿಕೊಂಡಿದೆ. ಒಂದು ಮೂಲೆ ಮಾತ್ರ ದಿನೇದಿನೇ ತಗ್ಗುತ್ತಿದ್ದರೆ ಆ ಕಡೆಯ ಪ್ಲೇಟುಗಳ ನಡುವೆ ಟಾರ್ಚು ಹಾಕಿ ಹುಡುಕಿ, ಎರಡನೆಯದೋ ಮೂರನೆಯದೋ ಸೆಂಟರ್ ಬೋಲ್ಟಿನ ಹತ್ತಿರ ಸೀಳಿರುತ್ತದೆ. ಅಂಥ ಪ್ಲೇಟು ವೆಲ್ಡಿಂಗಿಗೆ ಬರುವುದಿಲ್ಲ, ಬದಲಾಯಿಸಲೇಬೇಕು.